ಸಂಜೆ ಆರಕ್ಕೆ ಹೊರಟರೂ ತಡವಾಗದ ಬೆಟ್ಟಗಳು

ಗುರುವಾರ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೂನ್ ಮೂರನೇ ವಾರ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಮುಳುಗಿದ ಮೇಲೂ ಮುಕ್ಕಾಲು ಗಂಟೆ ದೀಪದ ಹಂಗಿಲ್ಲ. ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಇನ್ನೂ ಒಂದು ಇಡೀ ದಿನ ಬಾಕಿ ಇದೆ ಅನ್ನಿಸುತ್ತದೆ. ನಮ್ಮ ಕಡೆ ಬೆಟ್ಟ ಅಂದರೆ ನಡುರಾತ್ರಿ ಎದ್ದು, ಟಾರ್ಚ್ ಹಿಡಿದು ಹತ್ತಿ, ಸೂರ್ಯೋದಯ ನೋಡಿ ಇಳಿಯುವುದು. ಕಾಲೇಜಿನ ದಿನಗಳಲ್ಲಿ ಸ್ಕಂದಗಿರಿಯನ್ನು ನಾವು ನೋಡಿದ್ದು ಹಾಗೆಯೇ. ಇಲ್ಲಿ ಜೂನ್‌ನಲ್ಲಿ ಸೂರ್ಯೋದಯ ಬೇಕೆಂದರೆ ಬೆಳಗಿನ ನಾಲ್ಕೂವರೆಗೇ ತುದಿಯಲ್ಲಿರಬೇಕು. ಅದು ನನ್ನಿಂದ ಆಗದ ಮಾತು. ಸಂಜೆಯೇ ಸರಿ.

ಶುಕ್ರವಾರ ಉತ್ತರಕ್ಕೆ, ಗ್ಲೆನ್‌ಶೀಗೆ ಹೋಗುವುದು ಮೊದಲೇ ಗೊತ್ತಾಗಿತ್ತು. ಗುರುವಾರ ಕಾಲು ಸಡಿಲ ಮಾಡಿಕೊಳ್ಳೋಣ ಅಂತ ಊರ ಪಕ್ಕದ ಪೆಂಟ್‌ಲ್ಯಾಂಡ್ ಬೆಟ್ಟಗಳಿಗೆ ಹೋದೆ. ಊರಿನಿಂದ ದಕ್ಷಿಣಕ್ಕೆ ಕಾರಲ್ಲಿ ಅರ್ಧ ಗಂಟೆ. ಫ್ಲಾಟರ್‌ಸ್ಟೋನ್ ಅನ್ನುವ ಜಾಗದಲ್ಲಿ ಒಂದು ಹೋಟೆಲು, ಒಂದು ಪಾರ್ಕಿಂಗ್, ಅಲ್ಲಿಂದ ಬೆಟ್ಟದ ದಾರಿ. ಸಾಲಾಗಿ ಐದು ತುದಿಗಳು: ಟರ್ನ್‌ಹೌಸ್, ಕಾರ್ನೆಥಿ, ಸ್ಕಾಲ್ಡ್ ಲಾ, ಈಸ್ಟ್ ಕಿಪ್, ವೆಸ್ಟ್ ಕಿಪ್. ಎಲ್ಲಕ್ಕಿಂತ ಎತ್ತರದ್ದು ಸ್ಕಾಲ್ಡ್ ಲಾ, 579 ಮೀಟರ್. ನಂದಿ ಬೆಟ್ಟದ ಅರ್ಧವೂ ಇಲ್ಲ ಅಂತ ನಗಬೇಡಿ. ಒಂದು ಹತ್ತು, ಪೂರ್ತಿ ಇಳಿ, ಮತ್ತೆ ಹತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ತೊಡೆ ಎತ್ತರದ ಲೆಕ್ಕ ಕೇಳುವುದಿಲ್ಲ.

ಬುಡದಲ್ಲಿ ಗಾರ್ಸ್ ಪೊದೆಗಳಲ್ಲಿ ಹಳದಿ ಹೂವು ಇನ್ನೂ ಸ್ವಲ್ಪ ಉಳಿದಿತ್ತು. ಬಿಸಿಲು ಬಿದ್ದಾಗ ಈ ಹೂವು ಆಗ ತಾನೇ ತುರಿದ ತೆಂಗಿನಕಾಯಿಯ ಹಾಗೆ ಘಮಘಮ ಅನ್ನುತ್ತದೆ. ಕೈ ಹಾಕಿದರೆ ಮುಳ್ಳು, ಸುಮ್ನೆ ಮೂಸಿ ಮುಂದೆ ಹೋಗಬೇಕು.

ಟರ್ನ್‌ಹೌಸ್ ಬೆಟ್ಟದ ಪೂರ್ವದ ಇಳಿಜಾರಿಗೆ ರಲಿಯನ್ ಗ್ರೀನ್ ಅಂತ ಹೆಸರು. 1666ರ ನವೆಂಬರ್ 28ರಂದು ಇಲ್ಲಿ ಯುದ್ಧ ನಡೆದಿತ್ತು. ರಾಜ ಹೇರಿದ ಚರ್ಚ್ ವ್ಯವಸ್ಥೆಯನ್ನು ಒಪ್ಪದ ಕವೆನೆಂಟರ್‌ಗಳು ಒಂದು ಕಡೆ, ಟ್ಯಾಮ್ ಡಲ್ಯೆಲ್ ನಡೆಸಿಕೊಂಡು ಬಂದ ರಾಜನ ಸೈನ್ಯ ಇನ್ನೊಂದು ಕಡೆ. ಕವೆನೆಂಟರ್‌ಗಳು ಸೋತರು. ಈಗ ಅಲ್ಲಿ ಕಪ್ಪು ಮುಖದ ಕುರಿಗಳು ಮೇಯುತ್ತವೆ.

ಕಾರ್ನೆಥಿ ನೆತ್ತಿಯ ಮೇಲೆ ಕಂಚಿನ ಯುಗದ ಕಲ್ಲುಗುಪ್ಪೆ ಇದೆ. ಸಾವಿರಾರು ವರ್ಷದ ಹಳೆಯ ಸಮಾಧಿ. ನಡೆಯುವವರು ಅದರ ಕಲ್ಲುಗಳನ್ನೇ ಎತ್ತಿ ಗಾಳಿಗೆ ಅಡ್ಡ ಕೂರುವ ಗೂಡು ಮಾಡಿಕೊಂಡಿದ್ದಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ಅವತ್ತು ಗಾಳಿ ಜೋರಾಗಿತ್ತು, ನಾನೂ ಆ ಗೂಡಿನಲ್ಲೇ ಕೂತು ಚಹಾ ಕುಡಿದೆ. ಅಲ್ಲಿಂದ ಉತ್ತರಕ್ಕೆ ಎಡಿನ್‌ಬರೋ ಪೂರ್ತಿ ಕಾಣುತ್ತದೆ. ಆರ್ಥರ್ಸ್ ಸೀಟ್ ಬೆಟ್ಟ, ಅದರಾಚೆ ಫೋರ್ತ್ ಕೊಲ್ಲಿ, ಕೊಲ್ಲಿಯ ಆಚೆ ದಡದಲ್ಲಿ ಫೈಫ್. ನನ್ನ ಆಫೀಸ್ ಯಾವ ಕಡೆ ಅಂತ ಹುಡುಕುವ ಗೋಜಿಗೆ ಹೋಗಲಿಲ್ಲ.

ಕಾರ್ನೆಥಿಗೂ ಸ್ಕಾಲ್ಡ್ ಲಾಗೂ ನಡುವಿನ ಕಣಿವೆಯಲ್ಲಿ ಅಡ್ಡಲಾಗಿ ಹಾಯುವ ದಾರಿಗೆ ಕರ್ಕ್ ರೋಡ್ ಅನ್ನುತ್ತಾರೆ. ಬೆಟ್ಟದ ಆಚೆಯ ಹೊಲಮನೆಗಳ ಜನ ಭಾನುವಾರ ಪೆನಿಕುಕ್‌ನ ಚರ್ಚಿಗೆ ಹೋಗಲು ಬಳಸುತ್ತಿದ್ದ ದಾರಿ ಅದು. ಚಳಿಗಾಲದಲ್ಲೂ ಇದೇ ದಾರಿ ಅಂದರೆ ಭಕ್ತಿ ಗಟ್ಟಿಯೇ ಇದ್ದಿರಬೇಕು.

ಎರಡು ಕಿಪ್‌ಗಳು ಮಾತ್ರ ಈ ಸಾಲಿನಲ್ಲಿ ಚೂಪಾದವು. ಮಿಕ್ಕವು ಗುಂಡು. ವೆಸ್ಟ್ ಕಿಪ್ ತುದಿಗೆ ಹೋದಾಗ ಒಂಬತ್ತು ಗಂಟೆ. ಬೆಟ್ಟಗಳ ನೆರಳು ಕಣಿವೆ ದಾಟಿ ಎದುರಿನ ಗುಡ್ಡದ ಮೇಲೆ ಬಿದ್ದಿತ್ತು. ವಾಪಸ್ ಬರುವುದು ಲೋಗನ್‌ಲೀ, ಗ್ಲೆನ್‌ಕೋರ್ಸ್ ಎಂಬ ಎರಡು ಜಲಾಶಯಗಳ ಪಕ್ಕದ ರಸ್ತೆಯಲ್ಲಿ. ಊರಿಗೆ ನೀರು ಕೊಡಲು ಕಟ್ಟಿದವು. ಗ್ಲೆನ್‌ಕೋರ್ಸ್ ನೀರಿನಡಿ ಹಳೆಯ ಸೇಂಟ್ ಕ್ಯಾಥರೀನ್ ಪ್ರಾರ್ಥನಾ ಮಂದಿರದ ಅವಶೇಷ ಮುಳುಗಿದೆ. ಬರಗಾಲದಲ್ಲಿ ನೀರು ತೀರಾ ಇಳಿದರೆ ಕಾಣುತ್ತದಂತೆ.

ನೀರಿನ ದಡದಲ್ಲಿ ಗಾಳಿ ನಿಂತಿತು. ಗಾಳಿ ನಿಂತರೆ ಮಿಡ್ಜ್ ಬರುತ್ತದೆ. ನಮ್ಮ ನೊರಜಿನಷ್ಟೇ ಸಣ್ಣದು, ಆದರೆ ಕಚ್ಚುತ್ತದೆ, ಅದೂ ಸಾವಿರದ ಲೆಕ್ಕದಲ್ಲಿ. ಕಚ್ಚುವುದು ಹೆಣ್ಣು ಮಾತ್ರ ಅಂತ ಪುಸ್ತಕ ಹೇಳುತ್ತದೆ. ಕಿವಿಯೊಳಗೆ, ರೆಪ್ಪೆಯ ಮೇಲೆ, ಕೂದಲ ಬೈತಲೆಯಲ್ಲಿ ತುರಿಕೆ ಶುರುವಾದಾಗ ಹೆಣ್ಣೋ ಗಂಡೋ ಯಾರಿಗೆ ಬೇಕು? ತಲೆಗೆ ದುಪಟ್ಟ ಸುತ್ತಿಕೊಂಡು, ಬೇಗ ಬೇಗ ಹೆಜ್ಜೆ ಹಾಕಿ, ಹತ್ತೂಮುಕ್ಕಾಲಿಗೆ ಕಾರು ಸೇರಿದೆ.

ಶುಕ್ರವಾರ

ಬೆಳಗ್ಗೆ ಅಮ್ಮನ ಫೋನು.

"ಇವತ್ತೂ ಒಬ್ಳೇನಾ?"

"ಹ್ಞೂ ಅಮ್ಮ."

"ಸಂಜೆ ಹೊತ್ತು ಯಾರಾದ್ರೂ ಬೆಟ್ಟ ಹತ್ತುತಾರೇನೇ? ಹುಲಿ, ಕರಡಿ ಏನೂ ಇಲ್ವಾ ಅಲ್ಲಿ?"

"ಇದ್ದ ಕರಡಿ, ತೋಳ ಎಲ್ಲಾ ಯಾವತ್ತೋ ಮುಗಿಸಿಬಿಟ್ಟಿದಾರಮ್ಮ. ಈಗ ಇರೋದು ಕುರಿ, ಜಿಂಕೆ."

"ಹಾವು?"

"ಒಂದೇ ಜಾತಿ ವಿಷದ ಹಾವು. ಅದೂ ನನ್ನ ನೋಡಿ ಓಡಿಹೋಗುತ್ತೆ."

"ನಿನ್ನ ನೋಡಿದ್ರೆ ಓಡದೆ ಏನು ಮಾಡುತ್ತೆ" ಅಂದು ಫೋನ್ ಇಟ್ಟರು.

ಈ ಬೆಟ್ಟಗಳಲ್ಲಿ ಅಪಾಯ ಇರುವುದು ಪ್ರಾಣಿಗಳಿಂದಲ್ಲ. ಗಾಳಿ, ಮಳೆ, ಮಂಜು, ಚಳಿ, ದಾರಿ ತಪ್ಪುವುದು, ಕಾಲು ಉಳುಕುವುದು. ಒಬ್ಬಳೇ ಹೋಗುವಾಗ ನಾನು ಕೆಲವು ನಿಯಮ ಇಟ್ಟುಕೊಂಡಿದ್ದೇನೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಗೆಳತಿಗೆ ಬರೆದು ಕಳಿಸುತ್ತೇನೆ. ಇಳಿದ ತಕ್ಷಣ ಅವಳಿಗೆ ಮೆಸೇಜ್. ರಾತ್ರಿ ಒಂದರವರೆಗೆ ಮೆಸೇಜ್ ಬರದಿದ್ದರೆ ಅವಳು 999ಕ್ಕೆ ಫೋನ್ ಮಾಡಿ, ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಬೇಕು. ಇಲ್ಲಿನ ರಕ್ಷಣಾ ತಂಡಗಳಲ್ಲಿ ಹೆಚ್ಚಿನವರು ಸ್ವಯಂಸೇವಕರು. ದುಡ್ಡು ತಗೊಳ್ಳುವುದಿಲ್ಲ. ಅದಕ್ಕೇ ಅವರನ್ನು ಸುಮ್ಮಸುಮ್ಮನೆ ಹಾಸಿಗೆಯಿಂದ ಎಬ್ಬಿಸುವುದು ಬೇಡ ಅಂತ ಚೀಲದಲ್ಲಿ ಕಾಗದದ ನಕ್ಷೆ, ದಿಕ್ಸೂಚಿ, ತಲೆದೀಪ, ಸೀಟಿ, ಒಂದು ಬೆಚ್ಚನೆ ಜಾಕೆಟ್ ಜಾಸ್ತಿಯೇ ಇರುತ್ತದೆ. ಜೂನ್‌ನಲ್ಲೂ.

ಮಧ್ಯಾಹ್ನದ ಮೇಲೆ ರಜೆ ಹಾಕಿ ಹೊರಟೆ. ಕ್ವೀನ್ಸ್‌ಫೆರಿ ಸೇತುವೆ ದಾಟಿ ಪರ್ತ್, ಪರ್ತ್‌ನಿಂದ ಎ93 ರಸ್ತೆ. ಬ್ಲೇರ್‌ಗೌರಿ ದಾಟಿದ ಮೇಲೆ ರಸ್ತೆ ಕಿರಿದಾಗುತ್ತಾ, ಬೆಟ್ಟಗಳು ಹತ್ತಿರ ಬರುತ್ತಾ ಹೋಗುತ್ತವೆ. ಕೊನೆಗೆ ಕೇರ್ನ್‌ವೆಲ್ ಘಾಟಿ. 670 ಮೀಟರ್. ಬ್ರಿಟನ್ನಿನ ಮುಖ್ಯ ರಸ್ತೆಗಳಲ್ಲೇ ಇದು ಅತಿ ಎತ್ತರದ್ದು. ಹಿಂದೆ ಇಲ್ಲಿ ಡೆವಿಲ್ಸ್ ಎಲ್ಬೋ ಅಂತ ಜೋಡಿ ತಿರುವು ಇತ್ತು. ಹಳೆಯ ಬಸ್ಸುಗಳು ಏದುಸಿರು ಬಿಡುತ್ತಿದ್ದ ಜಾಗ. ಈಗ ರಸ್ತೆ ನೇರ ಮಾಡಿದ್ದಾರೆ, ಹಳೆಯ ತಿರುವು ಪಕ್ಕದಲ್ಲಿ ಹುಲ್ಲು ಬೆಳೆದು ಬಿದ್ದಿದೆ.

ಘಾಟಿಯ ತಲೆಯಲ್ಲಿ ಗ್ಲೆನ್‌ಶೀ ಸ್ಕೀ ಕೇಂದ್ರ. ಬ್ರಿಟನ್ನಿನ ಅತಿ ದೊಡ್ಡದು. ಬೇಸಿಗೆಯಲ್ಲಿ ನೋಡಿದರೆ, ನಿಜ ಹೇಳಬೇಕೆಂದರೆ, ಕೆಲಸ ಅರ್ಧಕ್ಕೆ ನಿಂತ ಕಾರ್ಖಾನೆ. ಇಳಿಜಾರಿನ ತುಂಬ ಕಬ್ಬಿಣದ ಕಂಬಗಳು, ಹಗ್ಗಗಳು, ಹಿಮ ತಡೆಯುವ ಮರದ ಬೇಲಿಗಳು, ಬುಲ್ಡೋಜರ್ ಕೆರೆದ ಜಲ್ಲಿ ದಾರಿಗಳು. ಬೆಟ್ಟ ಹತ್ತುವವರಲ್ಲಿ ಬಹಳ ಜನ ಇಲ್ಲಿನ ಮೂರು ಮನ್ರೋಗಳನ್ನು ಲೆಕ್ಕಕ್ಕೆ ಹತ್ತುತ್ತಾರೆಯೇ ಹೊರತು ಪ್ರೀತಿಯಿಂದಲ್ಲ.

ಮನ್ರೋ ಅಂದರೆ ಸ್ಕಾಟ್ಲೆಂಡಿನಲ್ಲಿ 3000 ಅಡಿ, ಅಂದರೆ 914.4 ಮೀಟರ್ ದಾಟಿದ ಬೆಟ್ಟ. 1891ರಲ್ಲಿ ಸರ್ ಹ್ಯೂ ಮನ್ರೋ ಇಂಥವುಗಳ ಪಟ್ಟಿ ಮಾಡಿದರು. ಈಗ ಪಟ್ಟಿಯಲ್ಲಿ 282 ಇವೆ. ಎಲ್ಲವನ್ನೂ ಹತ್ತಿ ಮುಗಿಸುವುದೇ ಇಲ್ಲಿ ಎಷ್ಟೋ ಜನರ ಬದುಕಿನ ಹರಕೆ. ಪಟ್ಟಿ ಮಾಡಿದ ಮನ್ರೋ ಅವರೇ ಪೂರ್ತಿ ಮುಗಿಸದೆ 1919ರಲ್ಲಿ ತೀರಿಕೊಂಡರು. ಗ್ಲೆನ್‌ಶೀಯಲ್ಲಿ ಕಾರು ನಿಲ್ಲಿಸುವ ಜಾಗವೇ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅರ್ಧ ಬೆಟ್ಟವನ್ನು ಎಂಜಿನ್ನೇ ಹತ್ತಿಕೊಡುತ್ತದೆ. ಅದಕ್ಕೇ ಇವುಗಳಿಗೆ ಮರ್ಯಾದೆ ಕಡಿಮೆ.

ನಾನು ಈ ಮಾತಿಗೆ ಒಪ್ಪುವುದಿಲ್ಲ. ಇವು ಹಗಲಿನ ಬೆಟ್ಟಗಳಲ್ಲ, ಅಷ್ಟೇ. ಹಗಲಲ್ಲಿ ಪಾರ್ಕಿಂಗ್ ತುಂಬ ಬೈಕು, ಕ್ಯಾರವಾನ್, ಮಕ್ಕಳ ಗಲಾಟೆ. ಆರು ಗಂಟೆಗೆ ಬಂದರೆ ಕ್ಯಾಂಟೀನ್ ಮುಚ್ಚಿರುತ್ತದೆ. ಜನ ಇಳಿದು ಹೋಗಿರುತ್ತಾರೆ. ಆರೂವರೆಗೆ ನಾನು ಬೂಟಿನ ದಾರ ಕಟ್ಟುವಾಗ ಅಲ್ಲಿ ಇದ್ದದ್ದು ನನ್ನದೂ ಸೇರಿ ಕೆಲವೇ ಕಾರು.

ಮೊದಲನೆಯದು ಕಾರ್ನ್ ಊಶ್ಡಾ. ಮನ್ರೋ ಗೆರೆಯಿಂದ ಕೂದಲೆಳೆಯಷ್ಟು ಮೇಲಿದೆ. ಜಲ್ಲಿ ದಾರಿಯಲ್ಲಿ ನೇರ ಏರು. ಕಷ್ಟ ಅಂತೇನಿಲ್ಲ, ಬೇಜಾರು ಅಷ್ಟೇ. ಸ್ಕೀ ಹಗ್ಗದ ಕಂಬಗಳ ಪಕ್ಕದಲ್ಲೇ ಹತ್ತುತ್ತಾ ಮುಕ್ಕಾಲು ಗಂಟೆಯಲ್ಲಿ ಮೇಲಿದ್ದೆ. ನೆತ್ತಿ ಪೂರ್ತಿ ತಿಳಿಬೂದು ಬಣ್ಣದ ಕ್ವಾರ್ಟ್‌ಜೈಟ್ ಕಲ್ಲು. ಹುಲ್ಲಿಗೆ ಹಿಡಿಯಲು ಮಣ್ಣೇ ಇಲ್ಲ.

ಆ ಕಲ್ಲುಗಳ ನಡುವೆ ಒಂದು ಕಲ್ಲು ಅಲ್ಲಾಡಿತು. ಟಾರ್ಮಿಗನ್. ಎತ್ತರದ ಬೆಟ್ಟಗಳಲ್ಲಿ ಮಾತ್ರ ಇರುವ ಕೋಳಿ ಜಾತಿಯ ಹಕ್ಕಿ. ಚಳಿಗಾಲದಲ್ಲಿ ಪೂರ್ತಿ ಬಿಳಿ, ಬೇಸಿಗೆಯಲ್ಲಿ ಬೂದುಕಂದು ಚುಕ್ಕೆ. ನನಗೂ ಅದಕ್ಕೂ ಮೂರು ಮಾರು ದೂರ. ನಾನು ನಿಂತೆ. ಅದು ಒಂದು ರೆಕ್ಕೆಯನ್ನು ಮುರಿದುಕೊಂಡ ಹಾಗೆ ನೆಲಕ್ಕೆ ಎಳೆಯುತ್ತಾ, ಕುಂಟುತ್ತಾ ಪಕ್ಕಕ್ಕೆ ಓಡಿತು. ಬಿಳಿ ರೆಕ್ಕೆ ಫಳ್ ಅಂತ ತೆರೆದುಕೊಂಡಿತು. ಕಾಲಿಗೆ ಬೆರಳಿನವರೆಗೂ ಬಿಳಿ ಪುಕ್ಕ, ಕಾಲುಚೀಲ ತೊಟ್ಟ ಹಾಗೆ. ಇದು ನಾಟಕ ಅಂತ ನನಗೆ ಗೊತ್ತಿತ್ತು. ಹಾಗಾದರೆ ಮರಿಗಳು ಇಲ್ಲೇ ಎಲ್ಲೋ ಇರಬೇಕು. ಕಾಲು ಎತ್ತದೆ ಸುತ್ತ ಕಣ್ಣಾಡಿಸಿದೆ. ನನ್ನ ಬಲಗಾಲಿನ ಬೂಟಿನಿಂದ ಒಂದು ಗೇಣು ಆಚೆ, ಕಲ್ಲಿನ ಸಂದಿಯಲ್ಲಿ ಹಳದಿ-ಕಂದು ನೂಲಿನುಂಡೆಯಷ್ಟು ಒಂದು ಮರಿ. ಕಣ್ಣು ಪಿಳಿಪಿಳಿ, ಮೈ ಅಲುಗದು. ಇನ್ನೊಂದು ಅದರ ಹಿಂದೆ. ತಾಯಿ ದೂರದಲ್ಲಿ ಗೊರಗೊರ ಅಂತ ಬೈಯುತ್ತಲೇ ಇತ್ತು. ಬಂದ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ಹಿಂದಕ್ಕೆ ಬಂದು, ದೊಡ್ಡ ಸುತ್ತು ಹಾಕಿ ಮುಂದೆ ಹೋದೆ. ಹಿಂದಿರುಗಿ ನೋಡಿದಾಗ ಅದರ ರೆಕ್ಕೆ ನೆಟ್ಟಗಿತ್ತು.

ಇಲ್ಲಿಂದ ನೈಋತ್ಯಕ್ಕೆ ಇಳಿದರೆ ಸ್ಕೀ ಸಾಮಾನು ಮುಗಿಯುತ್ತದೆ. ಬಲಗಡೆ ಕೆಳಗೆ ಲಾಖ್ ವ್ರೋಟಖನ್ ಎಂಬ ಸಣ್ಣ ಕೆರೆ. ಆಮೇಲೆ ಅಗಲವಾದ ಹುಲ್ಲಿನ ಬೆನ್ನು, ಹತ್ತಿಹುಲ್ಲಿನ ಬಿಳಿ ಕುಚ್ಚುಗಳು, ನಡುನಡುವೆ ಕಾಲು ಹೂತುಕೊಳ್ಳುವ ಕಪ್ಪು ಕೆಸರು. ಅಲ್ಲಿ ಒಬ್ಬರು ವಯಸ್ಸಾದವರು ನಾಯಿ ಜೊತೆ ಎದುರು ಬಂದರು.

"ಈಗ ಹತ್ತುತ್ತಿದ್ದೀರಾ?"

"ಹೌದು. ನೀವು ಈಗ ಇಳಿಯುತ್ತಿದ್ದೀರಾ?"

"ನನಗೆ ರಾತ್ರಿ ಊಟ ತಪ್ಪಿದರೆ ಮನೆಯಲ್ಲಿ ಬೈಗುಳ. ನಿಮಗೆ ಒಳ್ಳೆಯ ಸಂಜೆ ಸಿಕ್ಕಿದೆ. ಮುಂದೆ ಎಡಕ್ಕೆ ಕೆಸರು ಜಾಸ್ತಿ, ಬಲಕ್ಕೆ ಹೋಗಿ."

ಒಬ್ಬಳೇ ಯಾಕೆ ಅಂತ ಅವರು ಕೇಳಲಿಲ್ಲ. ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಪರವಾನಗಿ ಇದೆಯಾ ಅಂತಲೂ ಕೇಳುವುದಿಲ್ಲ. 2003ರ ಭೂಸುಧಾರಣಾ ಕಾಯ್ದೆ ಪ್ರಕಾರ ಸ್ಕಾಟ್ಲೆಂಡಿನ ಹೆಚ್ಚಿನ ನೆಲದಲ್ಲಿ, ಖಾಸಗಿ ಎಸ್ಟೇಟ್ ಆದರೂ ಸರಿ, ಯಾರು ಬೇಕಾದರೂ ನಡೆಯಬಹುದು. ಬೇಲಿ ಮುರಿಯಬಾರದು, ಬೆಳೆ ತುಳಿಯಬಾರದು, ಕಸ ಬಿಡಬಾರದು, ಜನರ ಮನೆ ಅಂಗಳಕ್ಕೆ ನುಗ್ಗಬಾರದು. ಗೇಟಿಲ್ಲ, ಟಿಕೆಟ್ಟಿಲ್ಲ, ಆರು ಗಂಟೆಗೆ ಸೀಟಿ ಊದಿ ಇಳಿಸುವವರಿಲ್ಲ. ನಮ್ಮ ಘಟ್ಟಗಳಲ್ಲಿ ಕಾಡು ಇದೆ, ಆನೆ ಇದೆ, ಅಲ್ಲಿ ಇಲಾಖೆಯ ಕಟ್ಟುಪಾಡು ಬೇಕು, ಅದು ಬೇರೆ ಮಾತು. ಆದರೆ ಸಂಜೆ ಏಳೂವರೆಗೆ ಬೆಟ್ಟದ ಬೆನ್ನ ಮೇಲೆ ಯಾರಿಗೂ ಉತ್ತರ ಹೇಳದೆ ನಡೆಯುವುದಿದೆಯಲ್ಲ, ಅದರ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಕಾರ್ನ್ ಅ ಯೋಯ್ ಮೂರರಲ್ಲಿ ಎತ್ತರದ್ದು, 975 ಮೀಟರ್. ರಸ್ತೆಯಿಂದ ಕಾಣುವುದೇ ಇಲ್ಲ. ಕಾರ್ನ್ ನನ್ ಸಾಕ್ ಎಂಬ ದಿಬ್ಬದ ಮಗ್ಗುಲಲ್ಲಿ ಹಾದು ಅದರ ಕಲ್ಲುಗುಪ್ಪೆ ಮುಟ್ಟಿದಾಗ ಒಂಬತ್ತಕ್ಕೆ ಐದು ನಿಮಿಷ. ಬಿಸಿಲು ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಪಶ್ಚಿಮಕ್ಕೆ ಗ್ಲಾಸ್ ಟುಲಖನ್, ಅದರ ಹಿಂದೆ ಬೆನ್ ಅ ಗ್ಲೋ. ಉತ್ತರಕ್ಕೆ ಕೇರ್ನ್‌ಗಾರ್ಮ್ಸ್, ಬೆನ್ ಮಕ್‌ಡೂಯಿ ಕಡೆಯ ಬಿರುಕುಗಳಲ್ಲಿ ಹಿಮದ ತೇಪೆಗಳು. ಈಶಾನ್ಯಕ್ಕೆ ಲಾಖ್‌ನಗಾರ್. ಕಾರು, ಕಂಬ, ಬೇಲಿ ಒಂದೂ ಕಾಣುವುದಿಲ್ಲ. ಸ್ಕೀ ಬೆಟ್ಟ ಅಂತ ಮೂಗು ಮುರಿಯುವವರು ಇಲ್ಲಿ ಬಂದು ಅರ್ಧ ಗಂಟೆ ಕೂತಿದ್ದರೆ ಆ ಮಾತು ಆಡುತ್ತಿರಲಿಲ್ಲ. ಆದರೆ ಅವರು ಬರುವುದು ಮಧ್ಯಾಹ್ನ. ಮುಟ್ಟಿ, ಫೋಟೋ ತೆಗೆದು, ಮುಂದಿನದಕ್ಕೆ ಓಡುತ್ತಾರೆ.

ಡಬ್ಬಿ ತೆಗೆದೆ. ನಿಂಬೆಹಣ್ಣಿನ ಚಿತ್ರಾನ್ನ, ಎರಡು ಕೋಡುಬಳೆ. ಬೆಟ್ಟಕ್ಕೆ ಚಿತ್ರಾನ್ನದಷ್ಟು ಒಳ್ಳೆಯದು ಯಾವುದೂ ಇಲ್ಲ. ತಣ್ಣಗಾದರೂ ನಡೆಯುತ್ತದೆ, ಕೈಯಲ್ಲೇ ತಿನ್ನಬಹುದು. ಇಲ್ಲಿನವರ ಸ್ಯಾಂಡ್‌ವಿಚ್ ಚೀಲದಲ್ಲಿ ನಜ್ಜುಗುಜ್ಜಾಗಿರುತ್ತದೆ. ಕಡಲೆಬೀಜವನ್ನು ಮಾತ್ರ ಮುಂದಿನ ಸಲ ಬೇರೆ ಕಟ್ಟಿಕೊಂಡು ಬರಬೇಕು, ಮೆತ್ತಗಾಗಿತ್ತು.

ವಾಪಸ್ ಅದೇ ಬೆನ್ನು. ಈಗ ಬಿಸಿಲು ಹಿಂದಿನಿಂದ, ನನ್ನ ನೆರಳು ಮುಂದೆ ಉದ್ದಕ್ಕೆ. ಹುಲ್ಲಿನ ಒಂದೊಂದು ಎಸಳಿಗೂ ಒಂದು ನೆರಳು. ಎರಡು ಬೆಟ್ಟದ ಮೊಲಗಳು ಎದ್ದು ಕೂತು ನೋಡಿ, ನನ್ನಿಂದ ಏನೂ ಆಗದು ಅಂತ ತೀರ್ಮಾನಿಸಿ ಮತ್ತೆ ಮೇಯಲು ಶುರು ಮಾಡಿದವು. ಇವೂ ಚಳಿಗಾಲದಲ್ಲಿ ಬೆಳ್ಳಗಾಗುತ್ತವೆ. 2021ರ ಮಾರ್ಚ್‌ನಿಂದ ಇವುಗಳನ್ನು ಪರವಾನಗಿ ಇಲ್ಲದೆ ಕೊಲ್ಲುವಂತಿಲ್ಲ. ಹಿಂದೆ ಗ್ರೌಸ್ ಹಕ್ಕಿ ಬೇಟೆಯ ಎಸ್ಟೇಟ್‌ಗಳಲ್ಲಿ ರಾಶಿ ರಾಶಿ ಹೊಡೆದು ಹಾಕುತ್ತಿದ್ದರು.

ಕೊನೆಯದು ಕೇರ್ನ್‌ವೆಲ್, 933 ಮೀಟರ್. ಇದು ನಿಜಕ್ಕೂ ಕುರೂಪಿ. ನೆತ್ತಿಯ ಮೇಲೆ ಪ್ರಸಾರದ ಕಂಬಗಳು, ಒಂದು ಕಟ್ಟಡ. ಕೆಳಗೆ ಚೇರ್‌ಲಿಫ್ಟ್‌ನ ಮೇಲಿನ ನಿಲ್ದಾಣ. ಕಟ್ಟಡದೊಳಗೆ ಯಾವುದೋ ಯಂತ್ರ ಗುಂಯ್ ಅನ್ನುತ್ತಿತ್ತು. ಆದರೆ ಹತ್ತೂಕಾಲಿಗೆ ಸೂರ್ಯ ವಾಯವ್ಯದ ಬೆಟ್ಟಗಳ ಹಿಂದೆ ಇಳಿಯುವುದನ್ನು ಆ ಕಟ್ಟಡದ ಗೋಡೆಗೆ ಒರಗಿ ನೋಡಿದೆ. ಗೋಡೆ ಗಾಳಿ ತಡೆಯಿತು. ಕುರೂಪಕ್ಕೂ ಉಪಯೋಗ ಇದೆ. ಕಂಬದ ನೆರಳು ಘಾಟಿ ರಸ್ತೆಯನ್ನು ದಾಟಿ, ಆಚೆಯ ಬೆಟ್ಟವನ್ನು ಸ್ವಲ್ಪ ಹತ್ತಿ, ಆಮೇಲೆ ಇಲ್ಲವಾಯಿತು.

ಇಳಿಯುವುದು ಚೇರ್‌ಲಿಫ್ಟ್ ಪಕ್ಕದ ಕಡಿದಾದ ದಾರಿ. ಮಂಡಿ ಅಳುತ್ತದೆ. ಹನ್ನೊಂದಕ್ಕೆ ಕಾರು. ಗೆಳತಿಗೆ ಮೆಸೇಜ್. ಬ್ರೇಮಾರ್ ಕಡೆ ಹದಿನೈದು ಕಿಲೋಮೀಟರ್ ಹೋಗಬೇಕು. ದಾರಿಯಲ್ಲಿ ಉತ್ತರದ ಆಕಾಶದಲ್ಲಿ ತೆಳ್ಳನೆ ನೀಲಿಬೆಳ್ಳಿ ಗೆರೆಗಳು ಕಂಡವು. ಕಾರು ಪಕ್ಕಕ್ಕೆ ಹಾಕಿ ಇಳಿದೆ. ನಾಕ್ಟಿಲ್ಯೂಸೆಂಟ್ ಮೋಡಗಳು. ನೆಲದಿಂದ ಸುಮಾರು 80 ಕಿಲೋಮೀಟರ್ ಮೇಲೆ ಮಂಜುಗಡ್ಡೆಯ ಹರಳುಗಳಿಂದ ಆಗುವ ಮೋಡಗಳಿವು. ನಮಗೆ ಸೂರ್ಯ ಮುಳುಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು ಬೀಳುತ್ತಿರುತ್ತದೆ, ಹಾಗಾಗಿ ಹೊಳೆಯುತ್ತವೆ. ಈ ಅಕ್ಷಾಂಶದಲ್ಲಿ ಬೇಸಿಗೆಯ ನಡುವೆ ಮಾತ್ರ ಕಾಣುತ್ತವೆ. ಫೋಟೋ ತೆಗೆದೆ, ಬರೀ ಕಪ್ಪು ಬಂತು. ಹಾಸ್ಟೆಲ್ ಬಾಗಿಲಿನ ನಂಬರು ಮೊದಲೇ ಬರೆದುಕೊಂಡಿದ್ದೆ. ಬೂಟು ಕೈಯಲ್ಲಿ ಹಿಡಿದು ಒಳಗೆ ಹೋದೆ.

ಶನಿವಾರ

ಸಂಜೆ ಬೆಟ್ಟ ಹತ್ತುವುದರ ಇನ್ನೊಂದು ಲಾಭ ಇದು. ಬೆಳಗ್ಗೆ ಹತ್ತರವರೆಗೆ ಮಲಗಬಹುದು. ಬ್ರೇಮಾರ್ ಚಿಕ್ಕ ಊರು. ಸೆಪ್ಟೆಂಬರ್ ಮೊದಲ ಶನಿವಾರ ಇಲ್ಲಿ ನಡೆಯುವ ಹೈಲ್ಯಾಂಡ್ ಆಟಗಳಿಗೆ ರಾಜಮನೆತನದವರೇ ಬರುತ್ತಾರೆ. ಬ್ರಿಟನ್ನಿನ ಅತಿ ಕಡಿಮೆ ಉಷ್ಣಾಂಶದ ದಾಖಲೆಯಲ್ಲೂ ಈ ಊರಿಗೆ ಪಾಲಿದೆ: ಮೈನಸ್ 27.2 ಡಿಗ್ರಿ, 1895ರಲ್ಲಿ ಒಮ್ಮೆ, 1982ರಲ್ಲಿ ಇನ್ನೊಮ್ಮೆ. ಇವತ್ತು 16 ಡಿಗ್ರಿ, ಮೋಡ. ಬಟ್ಟೆ ಒಗೆದೆ, ಡೀ ನದಿ ದಡದಲ್ಲಿ ಕೂತೆ, ಬೇಕರಿಯಲ್ಲಿ ತಿಂದೆ.

ಬೆಟ್ಟದ ಹವಾಮಾನ ವರದಿ ಪ್ರಕಾರ ಸಂಜೆಗೆ ಮೋಡ ತುದಿಗಳವರೆಗೆ ಇಳಿಯಬಹುದು, ಗಾಳಿ ಮಾತ್ರ ಕಡಿಮೆ. ಹೋಗಿ ನೋಡೋಣ, ಆಗದಿದ್ದರೆ ವಾಪಸ್. ಒಬ್ಬಳೇ ಇದ್ದರೆ ವಾಪಸ್ ಬರುವುದು ಸುಲಭ. ಯಾರನ್ನೂ ಒಪ್ಪಿಸಬೇಕಾಗಿಲ್ಲ.

ಇವತ್ತು ರಸ್ತೆಯ ಪೂರ್ವದ ಬೆಟ್ಟಗಳು. ಅದೇ ಪಾರ್ಕಿಂಗ್, ಎದುರು ದಿಕ್ಕು. ಐದೂವರೆಗೆ ಹೊರಟು ಮ್ಯೌಲ್ ಓರ್ ಎಂಬ ಗುಡ್ಡದ ತನಕ ಮತ್ತೆ ಸ್ಕೀ ಕಂಬಗಳ ಸಹವಾಸ. ಅಲ್ಲಿಂದ ಮುಂದೆ ಗ್ಲಾಸ್ ಮೂಲ್, 1068 ಮೀಟರ್. ಕಡಿದಾದ ಕಲ್ಲಿನ ದಾರಿ ಹತ್ತಿ ಬೆನ್ನಿಗೆ ಬಂದರೆ ಮೈದಾನ. ತುದಿ ಯಾವುದು ಅಂತ ತಿಳಿಯದಷ್ಟು ಅಗಲ, ಸಪಾಟು. ಪಾಚಿ ಮತ್ತು ಗಿಡ್ಡ ಹುಲ್ಲು, ಕಾಲಿಗೆ ಮೆತ್ತೆ. ಪರ್ತ್‌ಶೈರ್, ಆಂಗಸ್, ಅಬರ್ಡೀನ್‌ಶೈರ್ ಮೂರೂ ಸೇರುವ ಮೂಲೆ ಇದು. ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ಮೊನೆಗಾ ಎಂಬ ಹಳೆಯ ದಾರಿ ಇದೇ ಬೆಟ್ಟದ ಹೆಗಲ ಮೇಲೆ, ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ.

ಮೈದಾನದ ನಡುವೆ ಇದ್ದಾಗ ಮೋಡ ಬಂತು. ಬರುವುದು ಕಾಣಿಸಿತು, ಆಂಗಸ್ ಕಡೆಯ ಕಣಿವೆಯಿಂದ ಎದ್ದು, ನೆಲ ಸವರುತ್ತಾ. ಎರಡು ನಿಮಿಷದಲ್ಲಿ ಇಪ್ಪತ್ತು ಹೆಜ್ಜೆ ಆಚೆ ಏನೂ ಇಲ್ಲ. ನಕ್ಷೆ ಮಾಡುವವರು ತುದಿಯಲ್ಲಿ ನೆಟ್ಟ ಅಳತೆಯ ಕಂಬ ಮತ್ತು ಕಲ್ಲಿನ ಗೂಡು ಸಿಕ್ಕಿದ್ದವು, ಹಾಗಾಗಿ ನಾನು ಎಲ್ಲಿದ್ದೇನೆ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಗೂಡಿನಲ್ಲಿ ಕೂತು, ಜಾಕೆಟ್ ಹಾಕಿ, ನಕ್ಷೆ ಬಿಚ್ಚಿದೆ. ಈ ಬೆಟ್ಟದ ಈಶಾನ್ಯಕ್ಕೆ ಕೇನ್‌ಲಾಖನ್ ಕಣಿವೆಯ ಬಂಡೆಗಳು, ಅಲ್ಲಿ ತಪ್ಪಿ ಹೋದರೆ ಸರಿಯಿರುವುದಿಲ್ಲ. ನೈಋತ್ಯಕ್ಕೆ ಕ್ರೇಗ್ ಲೆಕಖ್. ಅದರ ಬೆನ್ನುದ್ದಕ್ಕೂ ಹಳೆಯ ಕಲ್ಲಿನ ಗೋಡೆ ಇದೆ. ಗೋಡೆ ಸಿಕ್ಕರೆ ಮುಗಿಯಿತು, ಕೈ ಹಿಡಿದು ನಡೆಸುತ್ತದೆ. ಗೋಡೆ ಸಿಗುವವರೆಗೆ ದಿಕ್ಸೂಚಿ.

ದಿಕ್ಸೂಚಿಯ ಬಿಲ್ಲೆ ತಿರುಗಿಸಿ ಕೋನ ಹಾಕಿದೆ. ಸೂಜಿ ನಿಂತ ಮೇಲೆ ಆ ದಿಕ್ಕಿನಲ್ಲಿ ಕಣ್ಣಿಗೆ ಕಾಣುವ ಕೊನೆಯ ಕಲ್ಲನ್ನು ಗುರುತು ಇಟ್ಟುಕೊಳ್ಳಬೇಕು, ಅಲ್ಲಿಗೆ ಹೋಗಬೇಕು, ಮತ್ತೆ ನೋಡಬೇಕು. ಸೂಜಿಯನ್ನೇ ನೋಡುತ್ತಾ ನಡೆದರೆ ಕಾಲು ತನಗೆ ಬೇಕಾದ ಕಡೆ ಇಳಿಯುತ್ತದೆ. ಫೋನಿನಲ್ಲೂ ನಕ್ಷೆ ಇತ್ತು, ಒಮ್ಮೆ ತೆಗೆದು ತಾಳೆ ನೋಡಿ ಒಳಗಿಟ್ಟೆ. ಮೋಡದೊಳಗೆ ಎಲ್ಲೋ ಗೋಲ್ಡನ್ ಪ್ಲವರ್ ಹಕ್ಕಿ ಒಂದೇ ಸ್ವರದಲ್ಲಿ ಸೀಟಿ ಹಾಕುತ್ತಿತ್ತು. ನಾನು ಹೋದಂತೆಲ್ಲ ಅದೂ ಸ್ವಲ್ಪ ಮುಂದೆ ಹೋಗಿ ಸೀಟಿ. ಮಾತಿಗೆ ಯಾರೂ ಇಲ್ಲದಾಗ ಅದೂ ಸಾಕು.

ಗೋಡೆ ಸಿಕ್ಕಿತು. ಸೊಂಟದೆತ್ತರ, ಗಾರೆ ಇಲ್ಲದೆ ಜೋಡಿಸಿದ ಕಲ್ಲು, ಅಲ್ಲಲ್ಲಿ ಬಿದ್ದಿದೆ. ಮೈದಾನ ಮುಗಿದು ಬರೀ ಬಂಡೆ, ಚೂರುಕಲ್ಲು. ಕ್ರೇಗ್ ಲೆಕಖ್ ಗ್ಲಾಸ್ ಮೂಲ್‌ನ ಪಕ್ಕದಲ್ಲೇ ಇದ್ದರೂ ಸ್ವಭಾವ ಪೂರ್ತಿ ಬೇರೆ. ಕಿರಿದಾದ ಏಣು, ಎರಡೂ ಕಡೆ ಇಳಿಜಾರು. ಕಲ್ಲು ಒದ್ದೆಯಾಗಿ ಜಾರುತ್ತಿತ್ತು. 987 ಮೀಟರ್‌ನ ತುದಿಯಲ್ಲಿ ಗೋಡೆಯ ಪಕ್ಕ ಕೂತು ಉಳಿದ ಚಹಾ ಕುಡಿದೆ. ಮೋಡ ಒಮ್ಮೆ ಹರಿದು, ಕೆಳಗೆ ಎ93 ರಸ್ತೆ, ಅದರಲ್ಲಿ ಒಂದೇ ಒಂದು ವ್ಯಾನು, ಆಚೆ ನಿನ್ನೆಯ ಕೇರ್ನ್‌ವೆಲ್, ಅದರ ಕಂಬಗಳು ಕಾಣಿಸಿದವು. ನಿನ್ನೆ ಕುರೂಪಿ ಅಂದ ಕಂಬಗಳನ್ನು ನೋಡಿ ಈಗ ಸಮಾಧಾನ ಆಯಿತು. ಮತ್ತೆ ಮುಚ್ಚಿತು.

ಸೂರ್ಯಾಸ್ತ ಇವತ್ತು ಇಲ್ಲ. ಬೆಳಕು ಒಂದು ಕಡೆಯಿಂದ ಬರದೆ ಎಲ್ಲ ಕಡೆಯಿಂದ ಸಮ ಕಡಿಮೆಯಾಗುತ್ತಾ ಹೋಯಿತು. ಬಂದ ದಾರಿಯಲ್ಲೇ, ಗೋಡೆ, ಕೋನ, ಕಂಬ, ಮ್ಯೌಲ್ ಓರ್. ಸ್ಕೀ ಬೇಲಿಯ ಮೊದಲ ಮರದ ಗೂಟ ಮಂಜಿನಿಂದ ಹೊರಬಂದಾಗ ಅದನ್ನು ತಟ್ಟಿದೆ. ಹತ್ತೂವರೆಗೆ ಕೆಳಗೆ. ತಲೆದೀಪ ಚೀಲದಿಂದ ಹೊರಗೆ ಬರಲೇ ಇಲ್ಲ.

ಭಾನುವಾರ

ಮಳೆ. ಬ್ಲೇರ್‌ಗೌರಿಯಲ್ಲಿ ಸ್ಟ್ರಾಬೆರಿ ತಗೊಂಡೆ, ಈ ಸೀಮೆ ಹಣ್ಣಿಗೆ ಹೆಸರುವಾಸಿ. ಮೈಕ್ಲೌರ್‌ನಲ್ಲಿ ರಸ್ತೆ ಪಕ್ಕ ಬೀಚ್ ಮರಗಳ ಬೇಲಿ, 1745ರಲ್ಲಿ ನೆಟ್ಟದ್ದು ಅನ್ನುತ್ತಾರೆ, ಈಗ 30 ಮೀಟರ್ ಎತ್ತರ. ವೈಪರ್ ಹಾಕಿಕೊಂಡೇ ನೋಡಿದೆ. ಮಧ್ಯಾಹ್ನಕ್ಕೆ ಎಡಿನ್‌ಬರೋ.

ಒಗೆದ ಬಟ್ಟೆ ಒಣಗಲು ಹಾಕುತ್ತಾ ಮುಂದಿನ ಲೆಕ್ಕ ಹಾಕಿದೆ. ಇಂಥ ಸಂಜೆಗಳು ಸಿಗುವುದು ಮೇ ನಡುವಿನಿಂದ ಜುಲೈ ಕೊನೆವರೆಗೆ ಮಾತ್ರ. ಆಗಸ್ಟ್ 12ಕ್ಕೆ ಗ್ರೌಸ್ ಬೇಟೆ ಶುರು, ತಿಂಗಳ ಕೊನೆಗೆ ಸೂರ್ಯ ಎಂಟೂಕಾಲಿಗೇ ಮನೆಗೆ ಹೋಗುತ್ತಾನೆ. ಡಿಸೆಂಬರ್‌ನಲ್ಲಂತೂ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯಾಸ್ತ. ಅಷ್ಟರೊಳಗೆ ಡ್ರಮಾಖ್ಟರ್ ಘಾಟಿಯ ನಾಲ್ಕು ಮನ್ರೋಗಳನ್ನು ಒಂದು ಸಂಜೆ ನೋಡಬೇಕು. ಅವುಗಳಿಗೂ ಒಳ್ಳೆಯ ಹೆಸರಿಲ್ಲ. ಬುಡದಲ್ಲೇ ಎ9 ಹೆದ್ದಾರಿ, ರೈಲು ಹಳಿ, ವಿದ್ಯುತ್ ಕಂಬಗಳು. ಹಾಗಿದ್ದರೆ ಆರು ಗಂಟೆ ಮೇಲೆ ಅಲ್ಲಿ ಯಾರೂ ಇರುವುದಿಲ್ಲ. ಜುಲೈ ಎರಡನೇ ಶುಕ್ರವಾರಕ್ಕೆ ಅರ್ಧ ದಿನ ರಜೆ ಹಾಕಿದ್ದೇನೆ.